ಟೀವಿ ಕಾದಂಬರಿಯ ಹಿಂದಿನ ಹಾಳೆ

ಎಂಬತ್ತರ ದಶಕದ ಕೊನೆಯಲ್ಲಿ ಖಾನಾಪುರದ ನಮ್ಮ ವಾಚನಾಲಯ ನೋಡಿಕೊಳ್ಳುತ್ತಿದ್ದವರು ಸದಾ ದಣಿದಂತೆ ಕಾಣುತ್ತಿದ್ದರು. ಕನ್ನಡಕ ಹಣೆಗೇರಿಸಿ, ಕಣ್ಣುಜ್ಜುತ್ತಲೇ ಮಾತಾಡುವರು. ಓದಿದವರು ಅಭಿಪ್ರಾಯ ಬರೆಯಲೆಂದು ಪ್ರತಿ ಪುಸ್ತಕದ ಹಿಂದೆ ಬಿಳಿ ಹಾಳೆ ಅಂಟಿಸಿದ್ದರು. ಪುಸ್ತಕ ಮರಳಿಸಿದವರಿಗೆಲ್ಲ ಒಂದೇ ಪ್ರಶ್ನೆ: "ಓದಿದ್ರ್ಯೋ, ಬರೇ ತಿರುವಿದ್ರ್ಯೋ?"

ಚಂದ್ರಲೋಕದಲ್ಲಿ ಖಾನಾವಳಿ ಇಟ್ಟವರ ತಮಾಷೆಯ ಟೀವಿ ಧಾರಾವಾಹಿಯೊಂದು ಆಗ ಕಾದಂಬರಿಯಾಗಿ ಬಂದಿತ್ತು. "ಟೀವ್ಯಾಗ ಚಲೋ ಇತ್ತು" ಎಂದು ಯಾರೋ ಬರೆದರು. "ಬರೀ ಹುಡುಗಾಟ, ಓದಬೇಡಿ" ಎಂದು ನಾನು ಬರೆದೆ. ಇಂಥ ಮಾತುಗಳೇ ತುಂಬಿದ್ದರಿಂದ ಕಮಿಟಿಯವರು ಅದನ್ನು ರದ್ದಿಗೆ ಹಾಕಲು ಹೇಳಿದರು. ಆದರೆ ಪುಸ್ತಕ ಪಕ್ಕದ ಬೀಡಿ ಊರಿನ ಒಬ್ಬ ಹೆಂಗಸಿನ ಬಳಿ ಇತ್ತು.

ಆಕೆ ಅದನ್ನು ಮರಳಿಸಲು ಬಂದಾಗ ನಾನು ವಾಚನಾಲಯದಲ್ಲೇ ಕೂತಿದ್ದೆ.

"ತಡಾ ಆತ್ರಿ ಅಣ್ಣಾರ. ನಮ್ಮ ಮನ್ಯಾವ್ರು ಬೆಳಗಾವಿ ದವಾಖಾನ್ಯಾಗ ಇದ್ರು. ದಿನಾ ಇದನ್ನ ಓದಿ ಹೇಳತಿದ್ದೆ, ಹೊಟ್ಟಿ ಹಿಡಕೊಂಡು ನಗತಿದ್ರು. ಹೋದ ತಿಂಗಳ ತೀರಿಕೊಂಡ್ರು."

ವಾಚನಾಲಯದವರು ಎಂದಿನ ಪ್ರಶ್ನೆ ಕೇಳಲಿಲ್ಲ. "ಇದನ್ನ ಬರೀರಿ ಅಕ್ಕಾರ" ಎಂದು ಪೆನ್ನು ಕೊಟ್ಟರು. ಆಕೆ ಪೆನ್ನನ್ನು ಅವರ ಕಡೆಗೇ ಸರಿಸಿದರು. ಆಗ ಅವರು ಆಕೆಯ ಮಾತನ್ನು ತಾವೇ ಹಾಳೆಯ ಮೇಲೆ ಬರೆದರು.

ಕಮಿಟಿಯ ಮುಂದಿನ ಸಭೆಯಲ್ಲಿ ಆ ಹಾಳೆಯನ್ನು ಎಲ್ಲರೆದುರು ತೆರೆದಿಟ್ಟರಂತೆ. ಪುಸ್ತಕ ಉಳಿಯಿತು.

ನಾಚಿಕೆಯಾಗಿ ನನ್ನ ಸಾಲನ್ನು ಹೊಡೆದುಹಾಕಲು ಹೋದೆ. ಅವರು ಮೆಲ್ಲಗೆ ಪುಸ್ತಕ ಎಳೆದುಕೊಂಡರು.

"ಇರ್ಲಿ ಬಿಡ್ರಿ ಸರ. ನಿಮಗ ನಗು ಬರಲಿಲ್ಲ. ಅದೂ ಖರೇನ ಅಲ್ಲೇನ್ರಿ?"