ನೀಲಿ ಡ್ರಮ್ಮಿನ ಸುತ್ತ

ಕಾಮೋಠೆಯ ನಮ್ಮ ಬಿಲ್ಡಿಂಗಿನ ಸುತ್ತ ಆಗಿನ್ನೂ ಖಾಲಿ ಜಾಗವಿತ್ತು. ಮೇ ತಿಂಗಳು ಬಂತೆಂದರೆ ನಮ್ಮಂಥ ಮಕ್ಕಳನ್ನೆಲ್ಲ ಊರಿನ ಬಸ್ಸು ಹತ್ತಿಸಿಬಿಡುತ್ತಿದ್ದ ಕಾಲ ಅದು. ಎಂಟನೇ ಕ್ಲಾಸು ಮುಗಿದ ವರ್ಷ ಮಾತ್ರ ನಾನು ಉಡುಪಿಗೆ ಹೋಗಲಿಲ್ಲ. ಕಾರಣ ರಮೇಶ ಮಾವ.

ಮಾವ ಅಮ್ಮನ ಒಬ್ಬನೇ ತಮ್ಮ. ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರಲಿ ಎಂದು ಅಮ್ಮ ಅವನನ್ನು ಊರಿಂದ ಕರೆಸಿದ್ದಳು. ಅವನೋ, ಬೇಲಾಪುರದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಡದಲ್ಲಿ ಜೆಟ್ ಸ್ಕೀ ಕಲಿಸುವವರ ಜೊತೆ ಸೇರಿಕೊಂಡ. ಕೂತು ಓಡಿಸುವ ದೊಡ್ಡದಲ್ಲ, ಹ್ಯಾಂಡಲ್ಲು ಹಿಡಿದು ನಿಂತೇ ಓಡಿಸುವ ಸಣ್ಣದು. ಅಮ್ಮನ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ.

"ನೀರಲ್ಲಿ ಆಡುದು ಒಂದು ಉದ್ಯೋಗವಾ? ಒಂದಲ್ಲ ಒಂದು ದಿನ ಯಾರ್ದಾದ್ರೂ ಮಗುವನ್ನು ಮುಳುಗಿಸ್ತಿ ನೀನು" ಎಂದು ಗಂಜಿ ಬಡಿಸುತ್ತಲೇ ಬೈಯುವಳು.

ಒಂದು ದಿನ ಮಾವ ತಲೆಯೆತ್ತಿ ನನ್ನತ್ತ ಕೈ ತೋರಿಸಿದ. "ಇವಳಿಗೇ ಕಲಿಸ್ತೇನೆ ಅಕ್ಕ. ನೀನೇ ಬಂದು ನೋಡು. ಇವಳು ನೀರಲ್ಲಿ ತೇಲುವ ಆ ನೀಲಿ ಡ್ರಮ್ ಸುತ್ತಿ ವಾಪಸ್ ಬರದಿದ್ರೆ ಮರುದಿನವೇ ಗಲ್ಲಾದಲ್ಲಿ ಕೂರ್ತೇನೆ. ಆಯ್ತಾ?"

ನನ್ನನ್ನು ಯಾರೂ ಕೇಳಲಿಲ್ಲ. ಮಾವನ ಬದುಕನ್ನು ತಂದು ನನ್ನ ತಲೆಗೆ ಕಟ್ಟಿದ್ದರು! ನಾನೋ ಮಹಾ ಪುಕ್ಕಲಿ, ಲಿಫ್ಟಿನಲ್ಲಿ ಒಬ್ಬಳೇ ಹೋಗಲೂ ಹೆದರುವವಳು.

ನೇರ ಓಡಿಸುವುದು ಹೇಗೋ ಬಂತು. ಮೊದಲು ಹೊಟ್ಟೆಯ ಮೇಲೆ ಮಲಗಿ, ಆಮೇಲೆ ಮಂಡಿಯೂರಿ, ಕೊನೆಗೆ ನಿಂತು. ತಿರುಗಿಸುವುದು ಮಾತ್ರ ಆಗಲೇ ಇಲ್ಲ. ನಾನು ಅಪ್ಪನ ಸ್ಕೂಟರಿನಲ್ಲಿ ಮುಂದೆ ನಿಂತು ಬೆಳೆದವಳು. ತಿರುವು ಬಂತೆಂದರೆ ಹಿಂದೆ ಕೂತ ಅಮ್ಮ "ನಿಧಾನ, ನಿಧಾನ" ಎಂದು ಅಪ್ಪನ ಬೆನ್ನು ಚಿವುಟುವಳು, ಅಪ್ಪ ಎಕ್ಸಲರೇಟರ್ ಸಡಿಲಿಸಿ ರೇಸ್ ಬಿಡುವರು. ತಿರುಗುವಾಗ ರೇಸ್ ಬಿಡಬೇಕು ಎನ್ನುವುದು ನನ್ನ ಕೈಗೂ ಅಂಟಿತ್ತು. ಈ ಯಂತ್ರ ಅದಕ್ಕೆ ಉಲ್ಟಾ. ಹಿಂದಿನಿಂದ ನೀರು ಚಿಮ್ಮುತ್ತಿದ್ದರಷ್ಟೇ ತಿರುಗುತ್ತದೆ. ರೇಸ್ ಬಿಟ್ಟರೆ ಹ್ಯಾಂಡಲ್ಲು ಎತ್ತ ಎಳೆದರೂ ಸೀದಾ ಹೋಗುತ್ತದೆ. ಸೀದಾ ಹೋದರೆ ಎದುರಿಗೆ ಮೀನಿನವರು ಬಲೆ ಕಟ್ಟುವ ಕಂಬಗಳು.

"ಮಾಮಾ, ಮುಡ್ ನಹೀ ರಹಾ!" ಹೆದರಿದಾಗ ನನಗೆ ಹಿಂದಿ ಬಿಟ್ಟು ಬೇರೆ ಭಾಷೆ ಬಾಯಿಗೆ ಬರುತ್ತಿರಲಿಲ್ಲ.

"ರೇಸ್ ಕೊಡು ಮಾರಾಯ್ತಿ! ಕೊಡದೆ ಎಲ್ಲಿಂದ ತಿರುಗ್ತದೆ ಅದು?" ಸೊಂಟದ ತನಕದ ನೀರಿನಲ್ಲಿ ನಿಂತು ಮಾವ ಗಂಟಲು ಹರಿದುಕೊಳ್ಳುವನು. ಅಷ್ಟರಲ್ಲಿ ನಾನು ಗುಳುಂ. ಬಾಯ್ತುಂಬ ಉಪ್ಪುನೀರು, ಮೂಗಿನ ತುಂಬ ಕೆಸರಿನ ವಾಸನೆ.

ಮನೆಯಲ್ಲಿ ಚಪಾತಿಯ ಲಟ್ಟಣಿಗೆಯನ್ನೇ ಹ್ಯಾಂಡಲ್ಲಿನಂತೆ ಹಿಡಿದು, "ರೇಸ್ ಕೊಡು, ರೇಸ್ ಕೊಡು" ಎಂದು ಗೊಣಗುತ್ತ ಊಟದ ಮೇಜನ್ನು ಸುತ್ತುತ್ತಿದ್ದೆ. "ಎಂತ ಹುಚ್ಚು ಹಿಡಿಸಿದ್ದಾನೆ ಇವಳಿಗೆ" ಎಂದು ಅಮ್ಮ ಲಟ್ಟಣಿಗೆ ಕಿತ್ತುಕೊಳ್ಳುವಳು.

ಪಂಥದ ದಿನ ಅಮ್ಮ ಸ್ಟೀಲಿನ ಡಬ್ಬಿಯಲ್ಲಿ ಗೋಳಿಬಜೆ ಹಿಡಿದು ಬಂದಳು. ದಡದ ಮೆಟ್ಟಿಲಲ್ಲಿ ಕೊಡೆ ಬಿಚ್ಚಿ ಕೂತಳು, ತಮ್ಮನ ಕಡೆ ನೋಡಲೂ ಇಲ್ಲ. ಮಾವ ನಗುತ್ತಿದ್ದ. ಆದರೆ ನನ್ನ ಲೈಫ್ ಜಾಕೆಟಿನ ಬೆಲ್ಟನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದ.

ಹೊರಟೆ. ಮಂಡಿಯೂರಿದೆ, ಎದ್ದು ನಿಂತೆ. ನೀಲಿ ಡ್ರಮ್ಮು ಹತ್ತಿರ ಬಂತು. ವಾಲಿದೆ. ಅಯ್ಯೋ, ವಾಲಿದ್ದೇ ತಡ ರೇಸ್ ಒತ್ತಿದ್ದ ಬೆರಳು ತಾನಾಗಿ ಸಡಿಲಾಯಿತು! ಯಂತ್ರದ ಮೂತಿ ತಗ್ಗಿ ಸೀದಾ ಕಂಬಗಳತ್ತ ನಡೆಯಿತು. ಮುಗಿಯಿತು, ಮಾವನ ಕಥೆ ನನ್ನಿಂದ ಮುಗಿಯಿತು ಅಂದುಕೊಂಡೆ.

"ರೇಸ್ ಕೊಡು ಮಗಾ! ರೇಸ್ ಕೊಡು!"

ಅದು ಮಾವನ ದನಿಯಲ್ಲ. ಯೋಚಿಸುವ ಮೊದಲೇ ಬೆರಳು ಒತ್ತಿತು. ಹಿಂದೆ ನೀರು ಎದ್ದಿತು, ಯಂತ್ರ ಮಗ್ಗುಲಾಯಿತು, ಕಂಬಗಳು ಪಕ್ಕಕ್ಕೆ ಸರಿದವು, ಡ್ರಮ್ಮು ಹಿಂದಾಯಿತು. ಎದುರಿಗೆ ದಡ ಬಂತು. ಅಲ್ಲಿ ಮೊಣಕಾಲುದ್ದ ಕೆಸರುನೀರಿನಲ್ಲಿ ಸೀರೆ ನೆನೆಸಿಕೊಂಡು ಅಮ್ಮ ನಿಂತಿದ್ದಳು. ಕೊಡೆ ಎತ್ತಲೋ ತೇಲಿ ಹೋಗಿತ್ತು.

ಹತ್ತಿರ ಬಂದ ನನಗೆ ಅಮ್ಮ ಮೊದಲು ಬೆನ್ನಿಗೊಂದು ಕೊಟ್ಟಳು, ಆಮೇಲೆ ಅಪ್ಪಿಕೊಂಡಳು. ಡಬ್ಬಿ ಬಿಚ್ಚಿ ಮೊದಲ ಗೋಳಿಬಜೆ ಕೊಟ್ಟಿದ್ದು ತಮ್ಮನಿಗೆ. "ತಿನ್ನು, ತಣ್ಣಗಾಯ್ತು" ಅಂದಳು. ಗಲ್ಲಾದ ಮಾತು ಮತ್ತೆ ಎತ್ತಲಿಲ್ಲ.

ಈಗ ಆ ದಡಕ್ಕೆ ಬೇಲಿ ಬಿದ್ದಿದೆ. ಮಾವ ಗೋವಾದಲ್ಲಿ ಇದೇ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಫೋನ್ ಮಾಡುತ್ತಾನೆ. ನಾನು ಸ್ಕೂಟರಿನಲ್ಲಿ ಬೇಲಾಪುರದ ಆಫೀಸಿಗೆ ಹೋಗುತ್ತೇನೆ. ಮೊದಮೊದಲು ಅಮ್ಮನೂ ಹಿಂದೆ ಕೂರುತ್ತಿದ್ದಳು, ತಿರುವು ಬಂದರೆ "ನಿಧಾನ, ನಿಧಾನ" ಎಂದು ನನ್ನ ಬೆನ್ನನ್ನೂ ಬಿಡುತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಇವತ್ತಿಗೂ ತಿರುವಿನಲ್ಲಿ ರೇಸ್ ಬಿಟ್ಟು ಬೆನ್ನು ಬಿಗಿ ಮಾಡುತ್ತೇನೆ. ಯಾರೂ ಚಿವುಟುವುದಿಲ್ಲ.