ಹೊರಗಿನವರದು ಒಂದು ಹನಿಯೂ ಇಲ್ಲ
ಸಾರ್ಡಿನಿಯಾ ದ್ವೀಪದ ಆ ಗುಡ್ಡದೂರಿನಲ್ಲಿ ಮದುವೆಯ ರೊಟ್ಟಿ ಸುಡುವವಳು ರಿಮೇದಿಯಾ ಅಜ್ಜಿ. ಹಕ್ಕಿ, ಹೂವು ಕೆತ್ತಿ ಅವಳು ಸುಟ್ಟ ರೊಟ್ಟಿ ಇಲ್ಲದೆ ಅಲ್ಲಿ ಯಾವ ಹೆಣ್ಣೂ ಗಂಡನ ಮನೆಗೆ ಹೊರಡುವುದಿಲ್ಲ. ಹಿಟ್ಟು ಕಲಸುವ ಮೊದಲು ಅಜ್ಜಿ ವರನ ವಂಶ ಕೇಳುತ್ತಿದ್ದಳು. ಪಕ್ಕದೂರಿನವನಾದರೆ ಮೂಗು ಮುರಿಯುವಳು, ಕಡಲಾಚೆಯವನಾದರೆ ಒಲೆಯನ್ನೇ ಹೊತ್ತಿಸಳು. "ನಮ್ ರಕ್ತದಲ್ಲಿ ಹೊರಗಿನವ್ರದು ಒಂದು ಹನಿನೂ ಇಲ್ಲ ಕಣ್ರೋ!" ಎನ್ನುವುದು ಅವಳ ದಿನದ ಜಪ, ಪಾದ್ರಿಗೂ ಹೇಳುವಳು, ಕುರಿ ಕಾಯುವವನಿಗೂ ಹೇಳುವಳು, ಯಾರೂ ಸಿಗದಿದ್ದರೆ ಕೋಳಿಗಳಿಗೆ ಹೇಳುವಳು. ರಕ್ತ ಪರೀಕ್ಷೆಯವರು ಊರಿಗೆ ಬಂದಾಗ ಎಲ್ಲರಿಗಿಂತ ಮೊದಲು ತೋಳು ಚಾಚಿ, "ತುಂಬ್ಕೊಳ್ಳಪ್ಪ, ಇಂಥಾದ್ದು ನಿಂಗೆ ಪೇಟೇಲಿ ಸಿಗಲ್ಲ," ಎಂದವಳೂ ಅವಳೇ. ಸ್ವಂತ ಮಗಳು ಗವೀನಾ ಕಡಲಾಚೆಯ ನಾವಿಕನೊಬ್ಬನನ್ನು ಮೆಚ್ಚಿದಾಗಲೂ ಒಲೆ ತಣ್ಣಗೇ ಇತ್ತು. ಅತ್ತು ಅತ್ತು ಸೋತ ಗವೀನಾ ಕೊನೆಗೆ ಎದುರುಮನೆಯವನನ್ನೇ ಕಟ್ಟಿಕೊಂಡಳು. ಅವರ ಮಗು ಎಫಿಸಿಯಾ ಆರನೇ ವಯಸ್ಸಿಗೇ ಸಕ್ಕರೆ ಕಾಯಿಲೆಯಿಂದ ಪ್ರಜ್ಞೆ ತಪ್ಪಿ ಬಿತ್ತು. "ಯಾರ ತಪ್ಪೂ ಅಲ್ಲಮ್ಮ," ಎಂದರು ಡಾಕ್ಟರು, "ಈ ಕಾಯಿಲೆಗೆ ಬೇಗ ಸಿಕ್ಕೋ ಗುಣ ಈ ದ್ವೀಪದವರ ರಕ್ತದಲ್ಲೇ ಜಾಸ್ತಿ, ಬೇರೆ ಜನರಲ್ಲಿ ಇಷ್ಟಿಲ್ಲ. ಇವಳಿಗೆ ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದಿದೆ." ಅಂದಿನಿಂದ ಅಜ್ಜಿ ಜಪ ಬಿಟ್ಟಿದ್ದಾಳೆ, ಬಿಡದಿರುವುದು ಮಗು. ದಿನಾ ಊಟಕ್ಕೆ ಮುಂಚೆ ಬೆರಳು ಚುಚ್ಚಿಕೊಂಡು, ಆ ಕೆಂಪು ಹನಿಯನ್ನು ಅಜ್ಜಿಯ ಮುಖದ ಹತ್ತಿರ ಹಿಡಿದು ನಗುತ್ತದೆ: "ನೋಡಜ್ಜಿ, ಹೊರಗಿನವ್ರದು ಒಂದು ಹನಿನೂ ಇಲ್ಲ!" ಗವೀನಾ ಸೂಜಿಗೆ ಔಷಧಿ ತುಂಬುತ್ತಾ ತಾಯಿಯ ಮುಖವನ್ನೇ ನೋಡುತ್ತಾಳೆ.