ಒಗ್ಗದ ತುತ್ತು ಹುಡುಕುವ ಮರಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಮಾಡಿನ ಅಡುಗೆಕೋಣೆಯಲ್ಲಿ ಎರಡು ಒಲೆಗಳು ಉರಿಯುತ್ತಿವೆ. ಒಂದರ ಮೇಲೆ ದೊಡ್ಡ ಪಾತ್ರೆಯಲ್ಲಿ ಅನ್ನ, ಕೋಳಿಮಾಂಸ ಒಟ್ಟಿಗೆ ಕುದಿಯುತ್ತಿವೆ. ಇನ್ನೊಂದರ ಮೇಲಿರುವುದು ಪುಟ್ಟ ಪಾತ್ರೆ, ಅದರಲ್ಲಿ ಒಂದೇ ಒಂದು ಮೊಟ್ಟೆ. ಒಲೆಯ ಮುಂದೆ ನಿಂತ ಹೆಂಗಸು ದೊಡ್ಡ ಪಾತ್ರೆಯನ್ನು ತಿರುಗಿಯೂ ನೋಡುತ್ತಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಆ ಮೊಟ್ಟೆಯನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಾರೆ.

"ನಿನ್ನ ಮೇಲೆ ನನಗೇನೂ ದ್ವೇಷ ಇಲ್ಲ ಕಣಪ್ಪ. ಆದ್ರೆ ಇವತ್ತೊಂದು ದಿನ ನೀನು ಏನೂ ಮಾಡಬೇಡ" ಎಂದು ಮೊಟ್ಟೆಗೇ ಹೇಳುತ್ತಾರೆ.

ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದ, ಚರಂಡಿಯ ಪಕ್ಕ ಸಿಕ್ಕ, ತಾಯಿ ಸತ್ತ ನಾಯಿಮರಿಗಳನ್ನು ತಂದು ಸಾಕುವ ಆಶ್ರಯಮನೆ ಇದು. ಮೊದಲು ಯಾವುದೋ ಸಾಮಾನಿನ ಗೋದಾಮಾಗಿತ್ತು. ಈಗ ಒಂದು ಬದಿಗೆ ದೊಡ್ಡ ನಾಯಿಗಳು, ಇನ್ನೊಂದು ಬದಿಗೆ ಮರಿಗಳು, ನಡುವೆ ಅಡುಗೆಕೋಣೆ. ಇಲ್ಲಿಗೆ ಬರುವವರು ಮರಿಗಳ ಫೋಟೊ ತೆಗೆದುಕೊಳ್ಳುತ್ತಾರೆ, ಇಲ್ಲಿನ ಪಶುವೈದ್ಯೆ ಡಾಕ್ಟರಮ್ಮನಿಗೆ ಕೈಮುಗಿಯುತ್ತಾರೆ. ಅಡುಗೆಕೋಣೆಯೊಳಗೆ ಇಣುಕಿದವರು ಕಡಿಮೆ. ಮೂವತ್ತಕ್ಕೂ ಹೆಚ್ಚು ಮರಿಗಳಿಗೆ ದಿನಕ್ಕೆ ನಾಲ್ಕು ಹೊತ್ತು ಬೇಯಿಸಿ, ಆರಿಸಿ, ನುರಿದು ಹಾಕುವ ಈ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು 'ಮರಿಯಕ್ಕ' ಎಂದೇ. ವಯಸ್ಸು ಐವತ್ತು ದಾಟಿದೆ.

ಇವತ್ತಿನ ಮೊಟ್ಟೆ ಬೂದನಿಗೆ. ಬೂದಿಬಣ್ಣದ ಗಂಡುಮರಿ ಅದು, ಒಂದೇ ಪೆಟ್ಟಿಗೆಯಲ್ಲಿ ಬಂದ ಐದು ಮರಿಗಳಲ್ಲಿ ಒಂದು. ಬಂದಾಗ ಎಲ್ಲವೂ ಮುಷ್ಟಿಗಾತ್ರ. ಹಾಲು ಬಿಟ್ಟು ಅನ್ನಕ್ಕೆ ಬಂದ ಮೇಲೆ ನಾಲ್ಕು ಮರಿಗಳು ದುಂಡಗಾದವು, ಬೂದ ಮಾತ್ರ ಸೊರಗುತ್ತಲೇ ಹೋದ. ಹೊಟ್ಟೆಯ ಚರ್ಮ ಕೆಂಪೇರಿತು, ಕಿವಿಯೊಳಗೆ ಹುಣ್ಣಾಯಿತು. ಕೆರೆದು ಕೆರೆದು ಕತ್ತಿನ ಕೂದಲು ಉದುರಿತು. ಭೇದಿಯಲ್ಲಿ ರಕ್ತದ ಎಳೆ ಕಾಣಿಸಿತು. ಒಂದು ದಿನ ಊಟವಾದ ಸ್ವಲ್ಪ ಹೊತ್ತಿಗೆ ಮುಖ ಬನ್ನಿನಂತೆ ಊದಿ ಕಣ್ಣುಗಳೇ ಮುಚ್ಚಿಕೊಂಡವು. ಡಾಕ್ಟರಮ್ಮ ಓಡಿ ಬಂದು ಸೂಜಿಮದ್ದು ಕೊಟ್ಟಿದ್ದರಿಂದ ಜೀವ ಉಳಿಯಿತು.

ಜಂತುಹುಳ ಅಲ್ಲ, ಅಂಟುರೋಗ ಅಲ್ಲ ಎಂದು ಖಾತ್ರಿಯಾದ ಮೇಲೆ ಉಳಿದದ್ದು ತಟ್ಟೆಯಲ್ಲಿದ್ದ ಊಟವೇ. "ಕೆಲವು ಮರಿಗಳಿಗೆ ಹಾಲು ಹೊಟ್ಟೆಗೆ ಒಗ್ಗಲ್ಲ. ಭೇದಿ ಆಗುತ್ತೆ, ನಿಲ್ಲಿಸಿದ್ರೆ ಸರಿಹೋಗುತ್ತೆ. ಇದು ಹಾಗಲ್ಲ. ಇಲ್ಲಿ ತಿಂದಿದ್ದು ಮೈಗೇ ಒಗ್ತಿಲ್ಲ. ಮೈ ಅದರ ಮೇಲೆ ಜಗಳಕ್ಕೆ ನಿಂತಿದೆ" ಎಂದು ಡಾಕ್ಟರಮ್ಮ ವಿವರಿಸಿದ್ದರು. ಅವತ್ತಿನ ತಟ್ಟೆಯಲ್ಲಿ ಕೋಳಿ ಇತ್ತು, ಮೊಟ್ಟೆ ಇತ್ತು, ಗೋಧಿ ರವೆ ಇತ್ತು, ಹಾಲೂ ಇತ್ತು. ಜಗಳ ಯಾವುದರ ಜೊತೆ ಎಂದು ಹೇಳುವವರು ಯಾರು?

ಆವತ್ತಿನಿಂದ ಬೂದನಿಗೆ ಬೇಯಿಸಿದ ಗೆಣಸು, ಮೀನು, ಡಾಕ್ಟರಮ್ಮ ಕೊಟ್ಟ ಪೌಷ್ಟಿಕದ ಪುಡಿ, ಅಷ್ಟೇ. ಬೇರೆ ಪಾತ್ರೆ, ಬೇರೆ ಸೌಟು, ತೊಳೆಯುವ ನಾರೂ ಬೇರೆ. ಆದರೂ ಕೆರೆತ ನಿಲ್ಲಲಿಲ್ಲ. ಯಾರೋ ಕದ್ದು ಬಿಸ್ಕತ್ತು ಹಾಕುತ್ತಿದ್ದಾರೆಂದು ಮರಿಯಕ್ಕ ಬಾಗಿಲು ಕಾಯುವವನಿಂದ ಹಿಡಿದು ನೆಲ ತೊಳೆಯುವವಳವರೆಗೆ ಎಲ್ಲರನ್ನೂ ಗದರಿದರು. ಕಳ್ಳರು ಗೂಡಿನೊಳಗೇ ಇದ್ದರು. ಒಡಹುಟ್ಟಿದ ನಾಲ್ಕು ಮರಿಗಳು ಕೋಳಿ, ಮೊಟ್ಟೆ ತಿಂದು ಬಂದು ಬೂದನ ಮೇಲೆ ಬೀಳುತ್ತಿದ್ದವು. ಇವನು ಅವುಗಳ ಬಾಯಿ ನೆಕ್ಕುತ್ತಿದ್ದ. ಬೇರೆ ಗೂಡಿಗೆ ಹಾಕಿದರೆ ಅತ್ತು ಅತ್ತು ಊಟವನ್ನೇ ಬಿಟ್ಟ. ಕೊನೆಗೆ ಮರಿಯಕ್ಕ ಐದಕ್ಕೂ ಗೆಣಸು, ಮೀನನ್ನೇ ಹಾಕತೊಡಗಿದರು. ಕೆಲಸ ಇಮ್ಮಡಿಯಾಯಿತು. ಆದರೆ ನಿಧಾನವಾಗಿ ಬೂದನ ಹೊಟ್ಟೆಯ ಕೆಂಪು ಇಳಿಯಿತು, ಕತ್ತಿನ ಮೇಲೆ ಹೊಸ ಕೂದಲು ಮೂಡಿತು, ಬಾಲಕ್ಕೆ ಜೀವ ಬಂತು.

ಅಲ್ಲಿಗೇ ಮುಗಿಯಬೇಕಿತ್ತು ಎನ್ನುವುದು ಮರಿಯಕ್ಕನ ವಾದ. ನಿನ್ನೆ ಇದೇ ಅಡುಗೆಕೋಣೆಯಲ್ಲಿ ಅವರಿಗೂ ಡಾಕ್ಟರಮ್ಮನಿಗೂ ಮಾತಿಗೆ ಮಾತು ಬೆಳೆದಿದೆ.

"ಚೆನ್ನಾಗಿ ಆಡ್ಕೊಂಡಿರೋ ಮರಿಗೆ ಯಾಕೆ ಡಾಕ್ಟರಮ್ಮ ಮತ್ತೆ ಪರೀಕ್ಷೆ? ಕೋಳಿ ಕೊಟ್ಟು ನೋಡಿದ್ರಿ, ಏನೂ ಆಗಲಿಲ್ಲ. ಗೋಧಿ ಕೊಟ್ರಿ, ಹಾಲು ಕೊಟ್ರಿ. ಸಾಕು ಬಿಡಿ."

"ಅದಕ್ಕೇ ಅಕ್ಕ, ಇನ್ನು ಉಳಿದಿರೋದು ಮೊಟ್ಟೆ ಒಂದೇ."

"ಹಾಗಿದ್ರೆ ಅದೇ ಅಂತ ಇಟ್ಕೊಳ್ಳಿ. ಕೊಟ್ಟೇ ನೋಡಬೇಕಾ?"

"ಅಂದ್ಕೊಂಡಿದ್ದನ್ನ ನಂಬ್ಕೊಂಡು ಅವನನ್ನ ಬೇಕರಿಯವರ ಮನೆಗೆ ಕಳಿಸೋಕೆ ನಿಮಗೆ ಧೈರ್ಯ ಇದೆಯಾ? ಬೇಡ ಅನ್ನೋಕಾದ್ರೂ ಧೈರ್ಯ ಇದೆಯಾ? ಇಲ್ಲಿ ನೀವಿದೀರಿ, ನಾನಿದೀನಿ, ಮದ್ದಿದೆ. ಅಲ್ಲಿ ಯಾರಿರ್ತಾರೆ?"

ಮರಿಯಕ್ಕ ಮೊಟ್ಟೆ ಬೇಯಿಸಲು ಒಪ್ಪಿದ್ದು ಆ ಮಾತಿಗೇ. ಬೇಕರಿ ನಡೆಸುವ ಗಂಡ ಹೆಂಡತಿ ಪ್ರತಿ ವಾರ ಬಂದು ಬೂದನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಮಕ್ಕಳಿಲ್ಲದ ಮನೆ. ಈ ಶನಿವಾರ ಅವನನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿದೆ. ಮನೆ ಇರುವುದು ಬೇಕರಿಯ ಮೇಲೆಯೇ. ಕೆಳಗೆ ದಿನವಿಡೀ ಮೊಟ್ಟೆ ಒಡೆಯುವ ಕೆಲಸ.

ಮೊಟ್ಟೆ ಬೆಂದಿದೆ. ಬಟಾಣಿ ಕಾಳಿನಷ್ಟು ಚೂರನ್ನು ಮರಿಯಕ್ಕ ಗೆಣಸಿನೊಳಗೆ ಅಡಗಿಸುತ್ತಾರೆ. ಬೇರೆ ಕೋಣೆಯಲ್ಲಿ ಡಾಕ್ಟರಮ್ಮ ಬೂದನೊಬ್ಬನನ್ನೇ ಇಟ್ಟುಕೊಂಡು, ಸೂಜಿಮದ್ದು ತುಂಬಿಸಿಕೊಂಡು ಕುಳಿತಿದ್ದಾರೆ. ಮರಿಯಕ್ಕ ತುತ್ತನ್ನು ಅಲ್ಲಿಗೇ ಒಯ್ಯುತ್ತಾರೆ. ಬೂದ ಒಂದೇ ಗುಕ್ಕಿಗೆ ನುಂಗಿ, ಇನ್ನೇನಿದೆ ಎಂಬಂತೆ ಮರಿಯಕ್ಕನ ಬೆರಳು ನೆಕ್ಕುತ್ತಾನೆ. ಅವರು ತಟ್ಟನೆ ಕೈ ಹಿಂದಕ್ಕೆಳೆದು ಸೋಪು ಹಚ್ಚಿ ತೊಳೆಯುತ್ತಾರೆ. ಆಮೇಲೆ ಇಬ್ಬರೂ ಮರಿಯ ಮುಖ ನೋಡುತ್ತಾ ಕೂರುತ್ತಾರೆ.

ಕಾಯುವುದು ಮರಿಯಕ್ಕನಿಗೆ ಹೊಸದಲ್ಲ. ಮೊದಲು ಅವರಿದ್ದದ್ದು ವಿದ್ಯಾರ್ಥಿಗಳ ಹಾಸ್ಟೆಲಿನ ಅಡುಗೆಮನೆಯಲ್ಲಿ. ನೂರಾರು ಹುಡುಗಿಯರಿಗೆ ಬೇಯಿಸಿ ಹಾಕುವ ಕೆಲಸ. ಹಾಸ್ಟೆಲು ಮುಚ್ಚಿತು. ಗಂಡ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು, ಮನೆಯಲ್ಲಿ ಅತ್ತೆ, ಶಾಲೆಗೆ ಹೋಗುವ ಮಗಳು. ಇಲ್ಲಿ ನೆಲ ಒರೆಸುವ ಕೆಲಸವಿದೆಯೆಂದು ಯಾರೋ ಹೇಳಿದಾಗ ಮೊದಲು ಹಿಂಜರಿದರಂತೆ. ಚಿಕ್ಕವರಿದ್ದಾಗ ನಾಯಿಯೊಂದು ಮೀನಖಂಡ ಹಿಡಿದು ಎಳೆದಾಡಿದ ಗುರುತು ಈಗಲೂ ಇದೆ. "ದೊಡ್ಡ ನಾಯಿಗಳ ಕಡೆ ನಾನು ಇವತ್ತಿಗೂ ಹೋಗಲ್ಲ. ಅದಕ್ಕೇ ಮರಿಗಳ ಕಡೆ ಹಾಕಿದ್ರು. ನಾಯಿಗೆ ಹೆದರೋಳನ್ನ ನಾಯಿ ಸಾಕೋ ಜಾಗದಲ್ಲಿ ಇಟ್ಕೊಂಡಿದಾರೆ ನೋಡಿ" ಎಂದು ನಗುತ್ತಾರೆ.

ಮನೆಯಲ್ಲಿ ಅತ್ತೆಯದು ಬೇರೆಯೇ ದೂರು. ದಿನವಿಡೀ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿ ಅಭ್ಯಾಸವಾದ ಸೊಸೆ ಮನೆಯ ಸಾರಿಗೂ ಉಪ್ಪು ಮರೆಯುತ್ತಾಳೆ. "ಬಾಲ ಒಂದು ಇಲ್ಲ ನಮಗೆ, ಮಿಕ್ಕಿದ್ದೆಲ್ಲ ಅದೇ ಊಟ" ಎನ್ನುತ್ತಾರಂತೆ ಆ ಹಿರಿಯಾಕೆ. ಆದರೆ ಸೊಸೆ ಮನೆಗೆ ಬರುವುದು ತಡವಾದ ದಿನ ತಟ್ಟೆ ಮುಚ್ಚಿಟ್ಟು ಕಾಯುವವರೂ ಅವರೇ.

ಈ ಕೆಲಸದಲ್ಲಿ ಮರಿಯಕ್ಕ ನಗದೆ ಹೇಳುವ ಸಂಗತಿಯೂ ಒಂದಿದೆ. ಬೂದ ಬರುವ ಮೊದಲು ಕಂದುಬಣ್ಣದ ಹೆಣ್ಣುಮರಿಯೊಂದು ಹೀಗೇ ಸೊರಗುತ್ತಿತ್ತು. ಆಗ ಇಲ್ಲಿ ಕಾಯಂ ವೈದ್ಯರಿರಲಿಲ್ಲ. ಹುಳಕ್ಕೆ ಮದ್ದು ಕೊಟ್ಟರು, ಭೇದಿಗೆ ಮದ್ದು ಕೊಟ್ಟರು, ಶಕ್ತಿ ಬರಲೆಂದು ಎಲ್ಲ ಸೇರಿಸಿ ಉಣಿಸಿದರು. ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದ ಮರಿ ಏಳಲಿಲ್ಲ. "ಯಾವುದರಿಂದ ಹೋಯ್ತು ಅಂತಲೂ ಗೊತ್ತಾಗಲಿಲ್ಲ. ಊಟದಿಂದಲೇ ಇರಬಹುದು, ಇಲ್ಲದೆಯೂ ಇರಬಹುದು. ಗೊತ್ತಿಲ್ಲದ್ದನ್ನ ನುಂಗ್ಕೊಂಡಿರೋದು ಕಷ್ಟ."

ಬಿಸಿಲು ಕಿಟಕಿ ದಾಟಿ ಒಳಗೆ ಬಂದಿದೆ. ಬೂದ ಚಿಂದಿಚೆಂಡನ್ನು ಅಟ್ಟಾಡಿಸುತ್ತಿದ್ದಾನೆ. ಏನೂ ಆಗಿಲ್ಲ. ಡಾಕ್ಟರಮ್ಮನ ಹೆಗಲು ಸಡಿಲವಾಗುತ್ತದೆ, ಮರಿಯಕ್ಕನ ಮುಖದ ಮೇಲೆ ನಗು ಮೂಡುತ್ತದೆ. ದೊಡ್ಡ ನಾಯಿಯೊಂದರ ಕಾಲು ತಂತಿಗೆ ಸಿಕ್ಕಿದೆ ಎಂದು ಕರೆ ಬಂದು ಡಾಕ್ಟರಮ್ಮ ಮದ್ದನ್ನು ಮೇಜಿನ ಮೇಲಿಟ್ಟು ಎದ್ದು ಹೋಗುತ್ತಾರೆ. "ಇಲ್ಲೇ ಪಕ್ಕದಲ್ಲೇ ಇರ್ತೀನಿ ಅಕ್ಕ, ಕೂಗಿ."

ಬೂದ ಚೆಂಡು ಬಿಡುತ್ತಾನೆ. ಮೂತಿಯನ್ನು ನೆಲಕ್ಕೆ ಉಜ್ಜುತ್ತಾನೆ, ಒಮ್ಮೆ, ಮತ್ತೊಮ್ಮೆ. ಮುಂಗಾಲಿನಿಂದ ಕಣ್ಣು ಕೆರೆದುಕೊಳ್ಳುತ್ತಾನೆ. ಆಟವಿರಬಹುದೆಂದು ಯಾರಾದರೂ ಅಂದುಕೊಳ್ಳಬಹುದು. ಮರಿಯಕ್ಕ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುತ್ತಾರೆ. ತುಟಿಯ ಅಂಚು ದಪ್ಪಗಾಗುತ್ತಿದೆ. ಕಿವಿಯ ಒಳಭಾಗ ಕೆಂಪು ಕೆಂಪು. ಬೆರಳು ಆಡಿಸಿದರೆ ಹೊಟ್ಟೆಯ ಮೇಲೆ ಗಂಟುಗಂಟು ದದ್ದು.

ಒಂದು ಕೈಯಲ್ಲಿ ಮರಿ, ಒಂದು ಕೈಯಲ್ಲಿ ಮದ್ದು ಹಿಡಿದು ಓಡುತ್ತಾರೆ. ಡಾಕ್ಟರಮ್ಮ ಇರುವುದು ದೊಡ್ಡ ನಾಯಿಗಳ ಬದಿಯಲ್ಲಿ. ನಡುವಿನ ಗೇಟಿನ ಆಚೆ ಬೊಗಳಾಟ ಮುಗಿಲು ಮುಟ್ಟಿದೆ. ಮರಿಯಕ್ಕ ಗೇಟನ್ನು ಮೊಣಕೈಯಿಂದ ತಳ್ಳಿ ಒಳಗೆ ನುಗ್ಗುತ್ತಾರೆ. ಎರಡೂ ಬದಿಯ ಸರಳುಗಳಿಗೆ ನಾಯಿಗಳು ಎಗರಿ ಬೀಳುತ್ತಿವೆ. "ಊದ್ತಿದೆ, ಊದ್ತಿದೆ" ಎನ್ನುವುದಷ್ಟೇ ಅವರ ಬಾಯಿಂದ ಬರುತ್ತದೆ. ಡಾಕ್ಟರಮ್ಮ ಅಲ್ಲೇ ನೆಲದ ಮೇಲೆ ಕುಳಿತು ತೊಡೆಗೆ ಸೂಜಿ ಚುಚ್ಚುತ್ತಾರೆ. ಮರಿಯ ಉಸಿರು ಸೀಟಿ ಹೊಡೆದಂತೆ ಕೇಳುತ್ತಿದೆ. ಒಸಡು ಬಿಳಿಚಿದೆ. ಇನ್ನೊಂದು ಮದ್ದು. ಮರಿಯಕ್ಕ ಎರಡೂ ಅಂಗೈ ನಡುವೆ ಅವನನ್ನು ಹಿಡಿದು ಕುಳಿತಿದ್ದಾರೆ.

ಸೀಟಿ ನಿಧಾನವಾಗಿ ತೆಳುವಾಗುತ್ತದೆ. ಒಸಡಿಗೆ ಬಣ್ಣ ಬರುತ್ತದೆ. ಬೂದ ಒಮ್ಮೆ ಸೀನಿ ಮರಿಯಕ್ಕನ ಸೀರೆಯ ಮೇಲೆ ಉಚ್ಚೆ ಹೊಯ್ಯುತ್ತಾನೆ.

"ಹೊಯ್ಯಿ ರಾಜ, ಹೊಯ್ಯಿ" ಎನ್ನುತ್ತಾ ಅವರು ಸೆರಗಿನಿಂದ ಅವನ ಮೂತಿ ಒರೆಸುತ್ತಾರೆ. ಡಾಕ್ಟರಮ್ಮ ಖಾಲಿ ಸೂಜಿಯನ್ನು ಪಕ್ಕಕ್ಕಿಡುತ್ತಾರೆ. "ನಾನು ಎದ್ದು ಬರಬಾರದಿತ್ತು ಅಕ್ಕ" ಎಂದರೆ, "ನೀವು ಹೇಳಿದ್ದೂ ಸರಿ ಇತ್ತು. ಬೇಕರೀಲಿ ಆಗಿದ್ರೆ?" ಎಂದು ಮರಿಯಕ್ಕ ಮಾತು ಮುಗಿಸುತ್ತಾರೆ.

ಶನಿವಾರ ಬೇಕರಿ ದಂಪತಿ ಹೊಸ ಹಗ್ಗ, ಹೊಸ ತಟ್ಟೆ ಹಿಡಿದು ಬರುತ್ತಾರೆ. ಹೇಳುವ ಕೆಲಸವನ್ನು ಮರಿಯಕ್ಕ ತಾವೇ ವಹಿಸಿಕೊಂಡಿದ್ದಾರೆ. ಸುತ್ತಿಬಳಸದೆ ಹೇಳುತ್ತಾರೆ. "ಇವನಿಗೆ ಮೊಟ್ಟೆ ಅಂದ್ರೆ ವಿಷ. ನೆಕ್ಕಿದ್ರೂ ಸಾಕು."

ಹೆಂಡತಿ ಬೂದನನ್ನು ಎತ್ತಿಕೊಳ್ಳಲು ಚಾಚಿದ ಕೈಯನ್ನು ಹಾಗೇ ತಡೆದು ನಿಲ್ಲುತ್ತಾರೆ. "ಮೇಲೆ ಮನೇಲಿ ಮೊಟ್ಟೆ ತರದೇ ಇದ್ರೆ?" ಎಂದು ಮೆಲ್ಲಗೆ ಕೇಳುತ್ತಾರೆ. ಉತ್ತರ ಕೊಡುವುದು ಗಂಡ. "ನನ್ನ ಕೈಗೇ ಮೊಟ್ಟೆ ಮೆತ್ಕೊಂಡಿರುತ್ತಲ್ಲೇ. ಅಂಗಿಗೆ, ಚಪ್ಪಲಿಗೆ. ಸಂಜೆ ಬಾಗಿಲು ತೆಗೆದ ತಕ್ಷಣ ಬಂದು ನೆಕ್ಕೋದು ಅದನ್ನೇ." ತಂದ ತಟ್ಟೆಯನ್ನು ಬೂದನಿಗೇ ಇರಲಿ ಎಂದು ಬಿಟ್ಟು ಇಬ್ಬರೂ ಹೊರಡುತ್ತಾರೆ. ಆ ದಿನ ಮರಿಯಕ್ಕನಿಗೂ ಊಟ ಸೇರುವುದಿಲ್ಲ.

ಒಡಹುಟ್ಟಿದ ನಾಲ್ಕು ಮರಿಗಳು ಒಂದೊಂದಾಗಿ ಮನೆ ಸೇರುತ್ತವೆ. ಬೂದನನ್ನು ನೋಡಲು ಬಂದವರು ಮೊಟ್ಟೆಯ ಕಥೆ ಕೇಳಿ ಬೇರೆ ಮರಿಯತ್ತ ತಿರುಗುತ್ತಾರೆ. ಮರಿತನ ಕಳೆದರೆ ಕರೆದುಕೊಂಡು ಹೋಗುವವರು ಅಪರೂಪ. ಬೂದನ ಕಾಲು ಉದ್ದವಾಗುತ್ತಿರುವುದು ಮರಿಯಕ್ಕನ ಕಣ್ಣಿಗೆ ದಿನವೂ ಬೀಳುತ್ತದೆ. "ನಿಜ ಹೇಳಿ ಇವನ ಮನೆ ಕಳೆದೆನಾ ಅನ್ನಿಸ್ತಿತ್ತು. ಆದ್ರೆ ಸುಳ್ಳು ಹೇಳಿ ಕಳಿಸಿದ್ರೆ ನನಗೆ ನಿದ್ದೆ ಬರ್ತಿತ್ತಾ?"

ಮರಿಯಕ್ಕ ಎಣಿಸದ ಕಡೆಯಿಂದ ಬಾಗಿಲು ತೆರೆಯುತ್ತದೆ. ಒಂದು ಬೆಳಿಗ್ಗೆ ಬೇಕರಿಯವರೇ ಮತ್ತೆ ಬರುತ್ತಾರೆ, ಜೊತೆಗೆ ಒಬ್ಬ ಬಸ್ ಡ್ರೈವರ್. ಎತ್ತರದ ಆಳು, ಸಂಕೋಚದ ಮುಖ.

"ಇವರು ದಿನಾ ನನ್ನ ಅಂಗಡಿಗೆ ಬಂದು ಪ್ರಾಣ ತಿನ್ನೋರು" ಎಂದು ಬೇಕರಿಯವರು ಪರಿಚಯಿಸುತ್ತಾರೆ. "ಇದರಲ್ಲಿ ಮೊಟ್ಟೆ ಇದೆಯಾ, ಅದರಲ್ಲಿ ಮೊಟ್ಟೆ ಇದೆಯಾ ಅಂತ. ಎಷ್ಟೋ ವರ್ಷದಿಂದ ಇದೇ ರಗಳೆ. ಬೂದನ ಕಥೆ ಆದ ಮೇಲೆ ಇವರು ಬಂದು ಅದೇ ಪ್ರಶ್ನೆ ಕೇಳಿದಾಗ ನನಗೆ ತಟ್ಟಂತ ಹೊಳೀತು."

ಡ್ರೈವರ್ ತಮ್ಮ ತುಟಿ ಮುಟ್ಟಿ ತೋರಿಸುತ್ತಾರೆ. "ನಂಗೂ ಹೀಗೇ ಊದುತ್ತೆ ಅಕ್ಕ. ಒಂದ್ಸಲ ಗಾಡಿ ಓಡಿಸ್ತಾ ಇದ್ದಾಗಲೇ ಆಗಿತ್ತು. ಮದುವೆ ಆದಾಗಿಂದ ಮೊಟ್ಟೆ ನಮ್ಮ ಮನೆ ಹೊಸಿಲು ದಾಟಿಲ್ಲ. ನನ್ನ ಹೆಂಡ್ತಿ ಪೊಟ್ಟಣದ ಮೇಲೆ ಬರೆದಿರೋದನ್ನ ಓದದೆ ಏನೂ ಒಳಗೆ ತರಲ್ಲ."

ಮರಿಯಕ್ಕ ಅಷ್ಟಕ್ಕೇ ಬಿಡುವುದಿಲ್ಲ. ನೆಂಟರು ಬಂದರೆ? ಪಕ್ಕದ ಮನೆಯವರು ಬಿಸ್ಕತ್ತು ಹಾಕಿದರೆ? ಮದ್ದು ಎಲ್ಲಿಡುತ್ತೀರಿ? ಹೆಣ್ಣು ನೋಡಲು ಬಂದ ಗಂಡಿಗಿಂತ ಹೆಚ್ಚು ಪ್ರಶ್ನೆಗಳಿಗೆ ಡ್ರೈವರ್ ನಿಂತಲ್ಲೇ ಉತ್ತರಿಸುತ್ತಾರೆ. ಬೂದ ಅಷ್ಟರಲ್ಲಿ ಅವರ ಶೂ ಲೇಸು ಬಿಚ್ಚಿ ಮುಗಿಸಿದ್ದಾನೆ. ಮಧ್ಯಾಹ್ನ ಅವನು ಹೊಸ ಮನೆಗೆ ಹೊರಡುವಾಗ ಬೇಕರಿಯವರು ದೂರದಲ್ಲೇ ನಿಂತು ಕೈ ಬೀಸುತ್ತಾರೆ, ಮುಟ್ಟುವುದಿಲ್ಲ.

ಇದಾಗಿ ತಿಂಗಳುಗಳು ಕಳೆದಿವೆ. ಡ್ರೈವರ್ ಕಳಿಸುವ ಫೋಟೊಗಳಲ್ಲಿ ಬೂದ ಸೋಫಾದ ಮುಕ್ಕಾಲು ಪಾಲು ಆಕ್ರಮಿಸಿದ್ದಾನೆ. ಆಶ್ರಯಮನೆಯಲ್ಲಿ ಈಗ ಬೇರೆ ಪೆಟ್ಟಿಗೆಯ ಬೇರೆ ಮರಿಗಳು. ಅದರಲ್ಲೊಂದಕ್ಕೆ ಕಿವಿ ಕೆರೆತ.

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಮರಿಯಕ್ಕ ಮೊದಲು ಏನೂ ಬೇಡ ಎನ್ನುತ್ತಾರೆ. ಒತ್ತಾಯಿಸಿದರೆ ಗೂಡಿನ ಪಕ್ಕದ ಖಾಲಿ ಜಾಗ ತೋರಿಸುತ್ತಾರೆ.

"ಅಲ್ಲೊಂದು ಬೆಂಚು ಹಾಕಿಸಿಕೊಟ್ರೆ ಸಾಕು. ಊಟ ಹಾಕೋದು ಏನು ದೊಡ್ಡ ಕೆಲಸ, ಯಾರು ಬೇಕಾದ್ರೂ ಹಾಕ್ತಾರೆ. ಹಾಕಿದ ಮೇಲೆ ನೋಡ್ತಾ ಇರಬೇಕಲ್ಲ, ಅದು ಕೆಲಸ. ನಿಂತು ನಿಂತು ಮಂಡಿ ಹೋಗಿದೆ."

ಒರಗುವಂಥದ್ದೇ ಹಾಕಿಸಬಹುದಲ್ಲ ಎಂದರೆ ಅವರು ತಲೆಯಾಡಿಸುತ್ತಾರೆ.

"ಒರಗೋದೆಲ್ಲ ಬೇಡ. ಒರಗಿದ್ರೆ ಕಣ್ಣು ಹತ್ತಿಬಿಡುತ್ತೆ. ಆಮೇಲೆ ನೋಡೋರು ಯಾರು?"